ರಕ್ತದ ಗುಳಿಗೆಯಿಂದ ಹೊಟ್ಟೆ ಕಟ್ಟಿದರೆ ಬಿಟ್ಟುಬಿಡಬಹುದಾ?

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಸೇಡಂ ಕಡೆಯವಳು. ಐದು ತಿಂಗಳ ಬಸುರಿ. ಆಶಾ ಅಕ್ಕ ಕೊಟ್ಟ ಕೆಂಪು ಕಬ್ಬಿಣದ ಗುಳಿಗೆ ಶುರು ಮಾಡಿದಾಗಿನಿಂದ ಮೂರು ದಿನಕ್ಕೊಮ್ಮೆ ಸಂಡಾಸ, ಅದೂ ಕಲ್ಲಿನಂತೆ. ಅತ್ತೆ ಔಡಲ ಎಣ್ಣೆ ಕುಡಿ ಅಂತಾರೆ. ಗುಳಿಗೆ ಬಿಡಲಾ?

ಉತ್ತರ: ಬಿಡಬೇಡಿ ತಂಗಿ. ಔಡಲ ಎಣ್ಣೆಯನ್ನಂತೂ ಕುಡಿಯಲೇಬೇಡಿ. ಅದು ಗರ್ಭಕೋಶವನ್ನೂ ಕೆರಳಿಸಿ ನೋವು ಎಬ್ಬಿಸಬಹುದು. ಅತ್ತೆ ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು, ಅವರಿಗೂ ಮೆಲ್ಲಗೆ ತಿಳಿಸಿ.

ತಪ್ಪೆಲ್ಲ ಗುಳಿಗೆಯದೇ ಅಲ್ಲ. ಬಸಿರಿನಲ್ಲಿ ಪ್ರೊಜೆಸ್ಟರಾನ್ ಹಾರ್ಮೋನ್ ಜಾಸ್ತಿಯಾಗಿ ಕರುಳು ಸಡಿಲಾಗುತ್ತದೆ. ಊಟ ನಿಧಾನವಾಗಿ ಸಾಗುತ್ತದೆ, ಅದರಲ್ಲಿನ ನೀರನ್ನು ಕರುಳು ಹೀರಿಕೊಳ್ಳುತ್ತಾ ಹೋಗುತ್ತದೆ. ಬೆಳೆಯುವ ಗರ್ಭಕೋಶವೂ ಒತ್ತುತ್ತದೆ. ಅದರ ಮೇಲೆ ಕಬ್ಬಿಣದ ಗುಳಿಗೆ, ಅದರ ಮೇಲೆ ನಮ್ಮ 40 ಡಿಗ್ರಿ ದಾಟುವ ಬಿಸಿಲು.

ನನ್ನ ಮೊದಲ ಬಸಿರಿನಲ್ಲಿ ನಾನೂ ಗುಳಿಗೆಗಳನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆ. ಎಂಟನೇ ತಿಂಗಳಲ್ಲಿ ರಕ್ತ ಕಡಿಮೆ ಬಂತು, ಮೆಟ್ಟಿಲು ಹತ್ತಿದರೆ ಏದುಸಿರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹೆರಿಗೆಯಲ್ಲಿ ರಕ್ತ ಹೋಗುತ್ತದೆ, ಆಗ ಮೈಯಲ್ಲಿ ಇರಬೇಕಲ್ವಾ? ತೀರಾ ತ್ರಾಸಾದರೆ ಡಾಕ್ಟರು ಗುಳಿಗೆ ಬದಲಿಸಿಕೊಡುತ್ತಾರೆ, ಕೇಳಿ. ಮಲ ಕಪ್ಪಾದರೆ ಹೆದರಬೇಡಿ, ಈ ಗುಳಿಗೆಗೆ ಹಾಗಾಗುತ್ತದೆ.

ಈಗ ತಟ್ಟೆ ನೋಡೋಣ. ಜೋಳದ ರೊಟ್ಟಿ ಒಳ್ಳೆಯದೇ. ಆದರೆ ಒಣ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅರ್ಧ ಲೋಟ ನೀರು ಅಂದರೆ ಹೊಟ್ಟೆ ಕಟ್ಟದೆ ಇನ್ನೇನು? ಅದೇ ರೊಟ್ಟಿಗೆ ಪುಂಡಿಪಲ್ಯ, ತೊಗರಿ ಬೇಳೆ, ಬೇಯಿಸಿದ ಮೊಳಕೆ ಹೆಸರುಕಾಳು ಹಾಕಿಕೊಳ್ಳಿ. ಪಕ್ಕದಲ್ಲಿ ಚೆನ್ನಾಗಿ ತೊಳೆದ ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಇರಲಿ. ದಿನಕ್ಕೆ 8-10 ಲೋಟ ನೀರು, ಬಿಸಿಲಿದ್ದರೆ ಇನ್ನೂ ಜಾಸ್ತಿ. ಮಜ್ಜಿಗೆಯೂ ಸೇರಿತು. ರಾತ್ರಿ ನೆನೆಸಿದ ಅಂಜೂರ ಬೆಳಿಗ್ಗೆ ಎರಡು. ಚಹಾ ಮಾತ್ರ ಗುಳಿಗೆಯ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಊಟವಾದ ಮೇಲೆ ಸ್ವಲ್ಪ ಅಡ್ಡಾಡಿ. ಇಷ್ಟಕ್ಕೂ ಆಗದಿದ್ದರೆ ಇಸಬ್ಗೋಲ್ ಅಥವಾ ಲ್ಯಾಕ್ಟುಲೋಸ್ ಸಿರಪ್ ಇದೆ, ಬಸುರಿಯರಿಗೂ ಕೊಡುತ್ತಾರೆ. ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಇನ್ನೊಂದು ಮಾತು. ಬಯಲಿಗೆ ಹೋಗಬೇಕಾದ ಮನೆಗಳಲ್ಲಿ ಹೆಣ್ಣುಮಕ್ಕಳು ಕತ್ತಲಾಗಲಿ ಅಂತ ದಿನವಿಡೀ ತಡೆದುಕೊಳ್ಳುತ್ತಾರೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ನಿಮ್ಮದೂ ಹಾಗಿದ್ದರೆ ನಾಚದೆ ಅತ್ತೆಯನ್ನು ಜೊತೆಗೆ ಕರೆಯಿರಿ, ಬಂದ ಹೊತ್ತಿಗೇ ಹೋಗಿ.

ರಕ್ತ ಬಿದ್ದರೆ, ಹೊಟ್ಟೆ ಹಿಂಡಿದಂತೆ ನೋವು ಬಂದುಹೋಗುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಮನೆಮದ್ದು ಬೇಡ. ಅವತ್ತೇ ದವಾಖಾನೆಗೆ ಹೋಗಿ.