ಜಾಲತಾಣಕ್ಕೆ ಬರೆಯುವ ಮೊದಲು ನಾಡಕಚೇರಿಯ ಸಾಲಲ್ಲಿ ನಿಂತು ಕೇಳಿ

ರೈತರಿಗೆ ಕಾನೂನು ಮಾಹಿತಿ ಕೊಡುವ ಒಂದು ಜಾಲತಾಣದವರು ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದರು. ಅವರ ಒಂದು ಪುಟದ ತಲೆಬರಹ ಹೀಗಿತ್ತು: ‘ಕರ್ನಾಟಕದಲ್ಲಿ ಕೃಷಿ ಭೂಮಿಯ ಆನುವಂಶಿಕ ಉತ್ತರಾಧಿಕಾರದ ಹಕ್ಕು ವರ್ಗಾವಣೆ: ಒಂದು ಸಮಗ್ರ ಮಾರ್ಗದರ್ಶಿ’. ಒಳಗೆ ಕಾನೂನಿನ ತಪ್ಪೇನೂ ಇರಲಿಲ್ಲ. ವಕೀಲರು ಇಂಗ್ಲಿಷಿನಲ್ಲಿ ಬರೆದದ್ದನ್ನು ಶ್ರದ್ಧೆಯಿಂದಲೇ ಅನುವಾದ ಮಾಡಿಸಿದ್ದರು. ಆದರೂ ಓದುವವರು ಇಲ್ಲ. ‘ಗೂಗಲ್‌ನಲ್ಲಿ ಮೇಲೆ ಬರೋ ಹಾಗೆ ಒಂದಿಷ್ಟು ಕೀವರ್ಡ್ ಸೇರಿಸಿಕೊಡಿ ಮೇಡಂ’ ಅಂದರು.

ನಾನು ಒಂದೇ ಪ್ರಶ್ನೆ ಕೇಳಿದೆ. ಅಪ್ಪ ತೀರಿಕೊಂಡ ಮೇಲೆ ಜಮೀನನ್ನು ಮಕ್ಕಳ ಹೆಸರಿಗೆ ಮಾಡಿಸುವುದಕ್ಕೆ ನಿಮ್ಮೂರಲ್ಲಿ ಏನಂತಾರೆ? ಎದುರಿಗೆ ಕೂತಿದ್ದ ಹುಡುಗ ತಕ್ಷಣ ಹೇಳಿದ: ‘ಪೌತಿ ಖಾತೆ, ಮೇಡಂ.’

ಆ ಎರಡು ಪದ ಅವರ ಪುಟದಲ್ಲಿ ಎಲ್ಲೂ ಇರಲಿಲ್ಲ.

ಕನ್ನಡದಲ್ಲಿ ಜಾಲತಾಣಕ್ಕೆ ಬರೆಯುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗೂಗಲ್‌ಗೆ ಏನು ಬೇಕು ಎಂಬುದರ ಸುತ್ತಲೇ ಇರುತ್ತವೆ. ಹುಡುಕುವವರು ಯಾವ ಮಾತಿನಲ್ಲಿ ಹುಡುಕುತ್ತಾರೆ ಎಂದು ಕೇಳುವವರು ಕಡಿಮೆ. ಇದು ಗೊತ್ತಾಗದೆ ಉಳಿದ ಯಾವ ತಂತ್ರವೂ ಕೆಲಸಕ್ಕೆ ಬಾರದು. ಸರ್ಚ್ ಎಂಜಿನ್ ಮೊದಲಿಗಿಂತ ಜಾಣವಾಗಿದೆ ನಿಜ. 2019ರಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಬರ್ಟ್ ಎಂಬ ಭಾಷಾ ಮಾದರಿಯನ್ನು ಅಳವಡಿಸಿಕೊಂಡ ಮೇಲೆ, ಪದ ಪದ ಹೊಂದಿಸುವುದರ ಜೊತೆಗೆ ಇಡೀ ವಾಕ್ಯದ ಆಶಯ ಹಿಡಿಯುವ ಪ್ರಯತ್ನವೂ ನಡೆಯುತ್ತದೆ. ಹಾಗಂತ ‘ಉತ್ತರಾಧಿಕಾರದ ಹಕ್ಕು ವರ್ಗಾವಣೆ’ಯನ್ನು ‘ಪೌತಿ ಖಾತೆ’ಯ ಜೊತೆ ಅದೇ ಜೋಡಿಸಿಕೊಳ್ಳಲಿ ಎಂದು ಬಿಟ್ಟು ಕೂರುವುದು ನನಗೆ ಸರಿಕಾಣುವುದಿಲ್ಲ. ಜೋಡಿಸಿಕೊಂಡಿತು ಎಂದೇ ಇಟ್ಟುಕೊಳ್ಳಿ, ಆ ತಲೆಬರಹ ನೋಡಿದ ರೈತ ಇದು ತನಗಲ್ಲ ಎಂದು ಮುಂದಕ್ಕೆ ಹೋಗುತ್ತಾನೆ.

ಆ ಪುಟವನ್ನು ತಿದ್ದುವ ಮೊದಲು ನಾನು ತುಮಕೂರು ಜಿಲ್ಲೆಯ ಒಂದು ಹೋಬಳಿಯ ನಾಡಕಚೇರಿಗೆ ಹೋಗಿ ಅರ್ಧ ದಿನ ಕೂತೆ. ಹೊರಗಿನ ಬೋರ್ಡಿನಲ್ಲಿ ‘ಅಟಲ್‌ಜೀ ಜನಸ್ನೇಹಿ ಕೇಂದ್ರ’ ಎಂದಿತ್ತು. ಸಾಲಲ್ಲಿದ್ದ ಒಬ್ಬರ ಬಾಯಲ್ಲೂ ಆ ಹೆಸರು ಬರಲಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದಗಳನ್ನು ಹಿಡಿದ ಹಿರಿಯರೊಬ್ಬರು ಕಿಟಕಿಯ ಬಳಿ ಬಗ್ಗಿ ಕೇಳಿದರು: ‘ನಮ್ಮಪ್ಪ ತೀರ್ಕಂಡು ಮೂರು ವರ್ಸ ಆತು ಕಣಮ್ಮ, ಪಾಣಿ ಇನ್ನೂ ಅವ್ರ ಹೆಸ್ರಲ್ಲೇ ಬತ್ತೈತೆ. ನಮ್ಮ ಹೆಸ್ರಿಗೆ ಮಾಡ್ಸಾಕೆ ಏನೇನು ಬೇಕು?’ ಪಾಣಿ ಅಂದರೆ ಪಹಣಿ, ಜಮೀನು ಯಾರ ಹೆಸರಲ್ಲಿದೆ ಎಂದು ತೋರಿಸುವ ಕಾಗದ. ಒಳಗಿದ್ದ ಹೆಣ್ಣುಮಗಳು ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದಳು: ‘ಡೆತ್ ಸರ್ಟಿಫಿಕೇಟ್ ಐತಾ ಯಜಮಾನ್ರೇ? ವಂಶವೃಕ್ಷ ಮಾಡ್ಸಿದೀರಾ?’ ಇಲ್ಲ ಅಂದರು. ‘ಹಂಗಾದ್ರೆ ಮೊದ್ಲು ವಂಶವೃಕ್ಷ. ಅದಾದ್ಮೇಲೆ ಇದು.’

ನನ್ನ ಪುಟಕ್ಕೆ ಬೇಕಾದ ಕ್ರಮ ಆ ನಾಲ್ಕು ಮಾತಿನಲ್ಲೇ ಇತ್ತು. ಹಳೆಯ ಪುಟ ‘ಭೂಮಿಯು ಮಾನವನ ಅತ್ಯಮೂಲ್ಯ ಸಂಪತ್ತಾಗಿದೆ’ ಎಂದು ಶುರುವಾಗಿ, ಉತ್ತರಾಧಿಕಾರದ ಇತಿಹಾಸವನ್ನೆಲ್ಲ ಹೇಳಿ, ದಾಖಲೆಗಳ ಪಟ್ಟಿಗೆ ಬರುವಷ್ಟರಲ್ಲಿ ಓದುವವರ ಬೆರಳು ಸೋಲುತ್ತಿತ್ತು. ಹೊಸ ಪುಟ ಹೀಗೆ ಶುರುವಾಯಿತು: ‘ಪಹಣಿಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ, ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮೊದಲು ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಮಾಡಿಸಿಕೊಳ್ಳಿ. ನಂತರ ನಾಡಕಚೇರಿಯಲ್ಲಿ ಅರ್ಜಿ ಕೊಡಿ.’ ಓದಲು ಬಂದವರಿಗೆ ಮೂರು ವಾಕ್ಯದಲ್ಲಿ ದಾರಿ ಸಿಕ್ಕಿತು. ವಿವರ ಬೇಕಾದವರು ಕೆಳಗೆ ಹೋಗುತ್ತಾರೆ.

ಒಂದೇ ಕನ್ನಡ ಎಂದುಕೊಂಡು ಕೂತರೆ ಅರ್ಧ ನಾಡು ಕೈತಪ್ಪುತ್ತದೆ. ಮೈಸೂರು ಕಡೆಯ ಪಹಣಿಗೆ ಧಾರವಾಡ, ಬೆಳಗಾವಿ ಕಡೆ ಉತಾರ ಎನ್ನುತ್ತಾರೆ. ಬೆಂಗಳೂರಿನ ಬ್ಯಾಂಕಿನಲ್ಲಿ ಅದೇ ಕಾಗದ ಆರ್‌ಟಿಸಿ. ಹಳ್ಳಿಯ ಕಂದಾಯ ನೌಕರರ ಹುದ್ದೆಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು ಬಂದಿದೆ, ಜನ ಮಾತ್ರ ವಿಎ, ವಿಲೇಜ್ ಅಕೌಂಟೆಂಟ್ ಎಂದೇ ಹೇಳುತ್ತಾರೆ. ಇವೆಲ್ಲವನ್ನೂ ಪುಟದಲ್ಲಿ ಸಹಜವಾಗಿ ಒಮ್ಮೆ ತರಬೇಕು: ‘ಪಹಣಿ (ನಿಮ್ಮ ಕಡೆ ಉತಾರ ಅಥವಾ ಆರ್‌ಟಿಸಿ ಅನ್ನಬಹುದು)’. ಅಷ್ಟು ಸಾಕು. ಧಾರವಾಡದ ಓದುಗರಿಗೆ ಇದು ತಮ್ಮದೇ ಪುಟ ಅನಿಸುತ್ತದೆ, ಹುಡುಕಾಟಕ್ಕೂ ಆ ಪದ ಸಿಗುತ್ತದೆ.

ಒಮ್ಮೆ ತಂದರೆ ಸಾಕು ಎಂದೆ. ‘ಪೌತಿ ಖಾತೆ’ ಪದ ಇಪ್ಪತ್ತು ಸಲ ಬರಬೇಕು ಎಂದು ಪಟ್ಟು ಹಿಡಿಯುವ ಗ್ರಾಹಕರು ಈಗಲೂ ಇದ್ದಾರೆ. ಪುಟದ ಹಿಂದೆ, ಓದುಗರಿಗೆ ಕಾಣದ ಕೋಡ್‌ನಲ್ಲಿ, ಕೀವರ್ಡ್ ಪಟ್ಟಿಯ ಮೆಟಾ ಟ್ಯಾಗ್ ತುಂಬಿಸಿ ಎನ್ನುವವರೂ ಇದ್ದಾರೆ. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಪದ ತುರುಕುವ ಚಾಳಿ ಯಾವ ಭಾಷೆಗೂ ಒಳ್ಳೆಯದಲ್ಲ, ಕನ್ನಡಕ್ಕಂತೂ ಪೂರಾ ಕೆಟ್ಟದ್ದು. ನಮ್ಮ ಭಾಷೆ ವಿಭಕ್ತಿಯಲ್ಲಿ ನಡೆಯುತ್ತದೆ: ಖಾತೆಗೆ, ಖಾತೆಯನ್ನು, ಖಾತೆಯಿಂದ. ಕೀವರ್ಡ್ ಹುಡುಕಿಕೊಡುವ ಟೂಲ್ ತೋರಿಸಿದ ಪದವನ್ನು ಹಾಗೇ ಕತ್ತರಿಸಿ ಅಂಟಿಸಿದರೆ ‘ಪೌತಿ ಖಾತೆ ಮಾಡಿಸುವುದು ಹೇಗೆ ಕರ್ನಾಟಕ ಎಂದು ತಿಳಿಯಿರಿ’ ಎಂಬಂಥ ಮುರುಕು ವಾಕ್ಯ ಹುಟ್ಟುತ್ತದೆ. ಕನ್ನಡ ಬಲ್ಲವರು ಅದನ್ನು ಓದಿದ ಕ್ಷಣವೇ ಬರೆದವರ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಾರೆ. ಪದಕ್ಕೆ ಪ್ರತ್ಯಯ ಹಚ್ಚಿ, ವಾಕ್ಯ ವಾಕ್ಯವಾಗಿಯೇ ಇರಲಿ.

ತಲೆಬರಹದಲ್ಲಿ ಮುಖ್ಯ ಪದ ಮೊದಲೇ ಬರಲಿ. ಹುಡುಕಾಟದ ಫಲಿತಾಂಶದಲ್ಲಿ ತಲೆಬರಹಕ್ಕೆ ಸಿಗುವ ಜಾಗ ಅಗಲದ ಮೇಲೆ ನಿಂತಿದೆ, ಕನ್ನಡದ ಅಕ್ಷರಗಳೋ ಅಗಲ. ‘ಒಂದು ಸಮಗ್ರ ಮಾರ್ಗದರ್ಶಿ’ ಎಂಬ ಬಾಲವನ್ನು ಧೈರ್ಯವಾಗಿ ಕತ್ತರಿಸಿ.

ಇನ್ನು ಲಿಪಿಯ ಸಂಗತಿ. ಇದನ್ನು ಇಂಗ್ಲಿಷಿನ ಪಾಠಗಳು ಹೇಳಿಕೊಡುವುದಿಲ್ಲ, ನಾವೇ ಪೆಟ್ಟು ತಿಂದು ಕಲಿತದ್ದು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆಗಳು, ಪಿಡಿಎಫ್‌ಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಇಂಗ್ಲಿಷ್ ಚಿಹ್ನೆಗಳ ಕಲಸುಮೇಲೋಗರ. ಅಲ್ಲಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ, ಗೊತ್ತಾಗುತ್ತದೆ. ನಿಮಗೆ ಕಾಣುವ ಆ ಗೋಜಲೇ ಸರ್ಚ್ ಎಂಜಿನ್‌ಗೂ ಕಾಣುವುದು. ಅಂಥ ದಾಖಲೆಯನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಅಕ್ಷರ ಅಕ್ಷರ ಓದಿ ತಿದ್ದಿ, ಆಮೇಲೇ ಪುಟಕ್ಕೆ ಹಾಕಬೇಕು. ಇಡೀ ಸುತ್ತೋಲೆಯನ್ನು ಫೋಟೊ ಮಾಡಿ ಅಂಟಿಸಿದರೂ ಪಾಡು ಹೆಚ್ಚುಕಡಿಮೆ ಅದೇ. ಮುಖ್ಯ ಅಂಶಗಳನ್ನು ಪಕ್ಕದಲ್ಲಿ ಅಕ್ಷರವಾಗಿ ಬರೆಯಿರಿ.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮ ಇದೆ. ‘ಆನ್‌ಲೈನ್’ ಎಂದು ನ್ ಮತ್ತು ಲೈ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕುತ್ತೇವೆ. ಹಾಕದಿದ್ದರೆ ‘ಆನ್ಲೈನ್’ ಎಂದು ಒತ್ತಕ್ಷರವಾಗುತ್ತದೆ. ಕಂಪ್ಯೂಟರಿಗೆ ಇವು ಎರಡು ಬೇರೆ ಬೇರೆ ಪದ. ನಿಮ್ಮ ಜಾಲತಾಣದ ಒಳಗಿನ ಹುಡುಕಾಟದ ಪೆಟ್ಟಿಗೆ ಅಕ್ಷರಕ್ಕೆ ಅಕ್ಷರ ಹೋಲಿಸುವಂಥದ್ದಾದರೆ, ಒಂದು ಬಗೆಯಲ್ಲಿ ಬರೆದದ್ದು ಇನ್ನೊಂದು ಬಗೆಯಲ್ಲಿ ಹುಡುಕಿದವರಿಗೆ ಸಿಗುವುದೇ ಇಲ್ಲ. ತಾಣದುದ್ದಕ್ಕೂ ಒಂದೇ ಪದ್ಧತಿ ಇಟ್ಟುಕೊಳ್ಳಿ, ಎರಡನ್ನೂ ಒಂದೇ ಎಂದು ಓದುವಂತೆ ಪೆಟ್ಟಿಗೆಯನ್ನು ಸರಿಮಾಡಿಕೊಡಲು ತಂತ್ರಜ್ಞರಿಗೆ ಹೇಳಿ.

ಪುಟದ ವಿಳಾಸವನ್ನು ಕನ್ನಡದಲ್ಲೇ ಇಡಬಹುದು, ತಾಂತ್ರಿಕವಾಗಿ ತೊಂದರೆಯಿಲ್ಲ. ಆದರೆ ಆ ಕೊಂಡಿಯನ್ನು ಕಾಪಿ ಮಾಡಿ ಕಳಿಸುವಾಗ ಪ್ರತಿ ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳಬಹುದು. ‘ಪಹಣಿ’ಯಲ್ಲಿ ಗುಡಿಸು ಸೇರಿ ನಾಲ್ಕು ಸಂಕೇತ, ಅಂದರೆ 36 ಚಿಹ್ನೆ. ವಾಟ್ಸ್ಆ್ಯಪ್‌ನಲ್ಲಿ ಅಂಥ ಉದ್ದದ ಕೊಂಡಿ ನೋಡಿದ ಹಳ್ಳಿಯ ಮಂದಿ ಇದೇನೋ ಮೋಸದ ಲಿಂಕ್ ಎಂದು ಹೆದರುತ್ತಾರೆ. ಹಾಗಾಗಿ ನಾನು ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಚಿಕ್ಕದಾಗಿ ಇಡುತ್ತೇನೆ.

ಗುಣಮಟ್ಟ ಅಂದರೆ ಏನು ಎಂದು ಕೇಳಿದವರಿಗೆ ನಾನು ಪಹಣಿಯ ಒಂದು ಅಂಕಿ ತೋರಿಸುತ್ತೇನೆ. ವಿಸ್ತೀರ್ಣದ ಜಾಗದಲ್ಲಿ 2-10 ಎಂದಿದ್ದರೆ ಅದು ಎರಡು ಎಕರೆ ಹತ್ತು ಗುಂಟೆ. ಒಂದು ಎಕರೆಗೆ 40 ಗುಂಟೆ, ಹಾಗಾಗಿ ದಶಮಾಂಶದಲ್ಲಿ ಅದು 2.25 ಎಕರೆ. ನಾನು ತಿದ್ದಿದ ಒಂದು ಬರಹದಲ್ಲಿ ಅದನ್ನು 2.10 ಎಕರೆ ಎಂದು ಬರೆದಿದ್ದರು. 2.10 ಎಕರೆ ಅಂದರೆ ಎರಡು ಎಕರೆ ನಾಲ್ಕು ಗುಂಟೆ ಮಾತ್ರ. ವ್ಯತ್ಯಾಸ ಆರು ಗುಂಟೆ, ಅಂದರೆ 6,534 ಚದರ ಅಡಿ: ಮೂವತ್ತು ನಲವತ್ತರ ಐದು ಸೈಟಿಗಿಂತ ಹೆಚ್ಚು. ಪಹಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ಓದಿದವರು ಈ ತಪ್ಪು ಮಾಡುವುದಿಲ್ಲ. ಹೀಗೆ ನೋಡಿದವರೇ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು ಪರಿಶೀಲಿಸಿ, ಹನ್ನೊಂದರಲ್ಲಿ ಬ್ಯಾಂಕಿನ ಸಾಲ ಇದೆಯೇ ನೋಡಿ ಎಂದು ಓದುಗರಿಗೆ ಬೆರಳಿಟ್ಟು ತೋರಿಸಬಲ್ಲರು.

ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳನ್ನು ಅಳೆದು ನೋಡುವ ಗುಣಮಟ್ಟ ಪರಿಶೀಲಕರ ಕೈಪಿಡಿಗೆ 2022ರ ಡಿಸೆಂಬರ್‌ನಲ್ಲಿ ‘ಅನುಭವ’ ಎಂಬ ಅಂಶವನ್ನು ಸೇರಿಸಿದ್ದು ಇದೇ ಕಾರಣಕ್ಕೆ: ಬರೆದವರು ಆ ಕೆಲಸವನ್ನು ನಿಜವಾಗಿ ಮಾಡಿದ್ದಾರೆಯೇ, ಆ ವಸ್ತುವನ್ನು ಕಂಡಿದ್ದಾರೆಯೇ. ಹುಡುಕಾಟದಲ್ಲಿ ಮೇಲೆ ಬರಲೆಂದೇ ಓದುಗರಿಗೆ ಉಪಯೋಗವಿಲ್ಲದ ಪುಟಗಳನ್ನು ರಾಶಿರಾಶಿಯಾಗಿ ಹೊರಡಿಸುವುದನ್ನು, ಬರೆದದ್ದು ಯಂತ್ರವೇ ಆಗಲಿ ಮನುಷ್ಯರೇ ಆಗಲಿ, 2024ರ ಮಾರ್ಚ್‌ನಲ್ಲಿ ಅದು ನಿಯಮಬಾಹಿರ ಎಂದು ಸಾರಿತು. ಎಐ ಬಳಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅದು ಕೊಟ್ಟ ಕರಡನ್ನು ಪಹಣಿಯ ಪಕ್ಕದಲ್ಲಿಟ್ಟು ಪರಿಶೀಲಿಸದೆ ಪ್ರಕಟಿಸಬೇಡಿ ಎನ್ನುತ್ತೇನೆ.

ಶುಲ್ಕ, ನಮೂನೆ, ವೆಬ್‌ಸೈಟಿನ ಮೆನು ಇವೆಲ್ಲ ಬದಲಾಗುತ್ತಲೇ ಇರುತ್ತವೆ. ಪುಟದ ಮೇಲ್ಭಾಗದಲ್ಲಿ ಪರಿಶೀಲಿಸಿದ ದಿನಾಂಕ ಹಾಕಿ. ಒಳಗೆ ಏನನ್ನೂ ನೋಡದೆ ದಿನಾಂಕ ಮಾತ್ರ ಬದಲಾಯಿಸುವುದು ಓದುಗರಿಗೆ ಮಾಡುವ ಮೋಸ. ಹಳೆಯ ಶುಲ್ಕ ನಂಬಿ ಬಂದವರು ಬಸ್ಸಿನ ದುಡ್ಡು, ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಂಡು ಹಿಂದಿರುಗುತ್ತಾರೆ.

ಪುಟ ಪ್ರಕಟವಾದ ಮೇಲೆ, ಜಾಲತಾಣದವರಿಗೆಂದು ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಎಂಬ ಟೂಲ್ ತೆರೆದು, ಜನ ಏನು ಟೈಪ್ ಮಾಡಿ ಇಲ್ಲಿಗೆ ಬಂದರು ಎಂಬ ಪಟ್ಟಿ ನೋಡಿ. ಇದು ಪುಕ್ಕಟೆ ಸಿಗುತ್ತದೆ, ನನ್ನ ಮಟ್ಟಿಗೆ ಎಲ್ಲ ದುಬಾರಿ ಟೂಲ್‌ಗಳಿಗಿಂತ ಇದೇ ಹೆಚ್ಚು. ಪೌತಿ ಖಾತೆಯ ಪುಟ ಹೊಸದಾಗಿ ಬಂದ ಕೆಲವು ವಾರಗಳಲ್ಲಿ ಆ ಪಟ್ಟಿಯಲ್ಲಿ ಒಂದು ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕಂಡಿತು: ಮದುವೆಯಾದ ಹೆಣ್ಣುಮಕ್ಕಳ ಹೆಸರನ್ನು ವಂಶವೃಕ್ಷದಲ್ಲಿ ಹಾಕಬೇಕಾ? ನಮ್ಮ ಪುಟದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಕೇಳಿದವರಲ್ಲಿ ಅಣ್ಣತಮ್ಮಂದಿರೂ ಇರಬಹುದು, ತವರಿನ ಕಾಗದದಲ್ಲಿ ತನ್ನ ಹೆಸರಿದೆಯೋ ಇಲ್ಲವೋ ಎಂದು ಚಿಂತಿಸುವ ಹೆಣ್ಣುಮಗಳೂ ಇರಬಹುದು. ವಕೀಲರನ್ನು ಕೇಳಿ ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಉಪಶೀರ್ಷಿಕೆ ಮಾಡಿದೆವು. ಕೆಳಗಿನ ಮೊದಲ ಸಾಲು: ‘ಹೌದು, ಹಾಕಲೇಬೇಕು.’ ಅದರ ಕೆಳಗೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ ಎಂಬ ಎರಡು ವಾಕ್ಯ.