ರೂಟ್ಸ್ ಮ್ಯೂಸಿಕ್: ಹಾಡು ಬರೆದವರು ಯಾರು?

ಅಮೆರಿಕದ ಸಂಗೀತದ ಬಗ್ಗೆ ಓದುವಾಗ ‘ರೂಟ್ಸ್ ಮ್ಯೂಸಿಕ್’ ಅನ್ನೋ ಮಾತು ಪದೇ ಪದೇ ಸಿಗುತ್ತದೆ. ಯಾವುದೋ ಒಂದು ಶೈಲಿಯ ಹೆಸರು ಅಂದುಕೊಂಡರೆ ಗೊಂದಲವಾಗುತ್ತದೆ. ಬೆಟ್ಟದ ಊರುಗಳ ಕಥನ ಹಾಡು, ಕಪ್ಪು ಜನರ ಬ್ಲೂಸ್, ಚರ್ಚಿನ ಗಾಸ್ಪೆಲ್, ಪಿಟೀಲಿನ ಕುಣಿತದ ಮಟ್ಟು, ಲೂಸಿಯಾನಾದ ಫ್ರೆಂಚ್ ಮೂಲದವರ ಕೇಜನ್ ಹಾಡು ಎಲ್ಲವೂ ಇದರಲ್ಲಿ ಸೇರುತ್ತವೆ. ಕಂಟ್ರಿ, ರಾಕ್ ಅಂಡ್ ರೋಲ್ ಬೆಳೆದದ್ದು ಇವುಗಳಿಂದಲೇ. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಬಿಳಿಯರು ಹಾಡಿದ್ದಕ್ಕೆ ‘ಹಿಲ್‌ಬಿಲಿ’, ಕಪ್ಪು ಜನ ಹಾಡಿದ್ದಕ್ಕೆ ‘ರೇಸ್ ರೆಕಾರ್ಡ್ಸ್’ ಎಂದು ಬೇರೆ ಬೇರೆ ಪಟ್ಟಿ ಹಚ್ಚಿ ಮಾರುತ್ತಿದ್ದವು. ಹಾಡುಗಳು ಮಾತ್ರ ಆ ಗೆರೆ ದಾಟಿ ಓಡಾಡಿಕೊಂಡೇ ಇದ್ದವು.

ವ್ಯಾಖ್ಯೆ ಹುಡುಕೋದಕ್ಕಿಂತ ಕಾರ್ಟರ್ ಫ್ಯಾಮಿಲಿಯ ಹಾಡು ಕೇಳೋದು ಒಳ್ಳೆಯದು. ವರ್ಜೀನಿಯಾದ ಕ್ಲಿಂಚ್ ಬೆಟ್ಟದ ಬುಡದ ಮೂರೇ ಜನ: ಎ. ಪಿ. ಕಾರ್ಟರ್, ಹೆಂಡತಿ ಸಾರಾ, ಸಾರಾ ಅವರ ಸೋದರಸಂಬಂಧಿ ಮೇಬೆಲ್. ಮೇಬೆಲ್ ಮದುವೆಯಾದದ್ದು ಎ. ಪಿ. ಅವರ ತಮ್ಮನನ್ನು, ಹಾಗಾಗಿ ಇಬ್ಬರೂ ವಾರಗಿತ್ತಿಯರೂ ಹೌದು. 1927ರ ಆಗಸ್ಟ್ 1ರಂದು ಇವರು ಬ್ರಿಸ್ಟಲ್ ಪಟ್ಟಣದಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದರು. ಮೇಬೆಲ್ ಆಗ ತುಂಬು ಬಸುರಿ. ವಿಕ್ಟರ್ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಒಂದು ಟೋಪಿ ವ್ಯಾಪಾರದ ಕಟ್ಟಡದಲ್ಲಿ ಮೈಕ್ ಇಟ್ಟುಕೊಂಡು ಕೂತಿದ್ದರು. ಎರಡು ದಿನ, ಆರು ಹಾಡು, ಹಾಡಿಗೆ 50 ಡಾಲರ್.

ಮೇಬೆಲ್ ಗಿಟಾರನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಹಾಡಿನ ಮಟ್ಟನ್ನೇ ನುಡಿಸುತ್ತದೆ. ತೋರುಬೆರಳು ತೆಳು ತಂತಿಗಳನ್ನು ಸವರುತ್ತಾ ತಾಳ ಕೊಡುತ್ತದೆ. ಒಂದೇ ಗಿಟಾರ್, ಎರಡು ಕೆಲಸ. ಇದಕ್ಕೆ ‘ಕಾರ್ಟರ್ ಸ್ಕ್ರ್ಯಾಚ್’ ಎಂದೇ ಹೆಸರು ಬಂತು. ಸಾರಾ ಅವರದ್ದು ಮುಖ್ಯ ದನಿ ಮತ್ತು ಆಟೋಹಾರ್ಪ್ ಎಂಬ ತಂತಿವಾದ್ಯ. ಎ. ಪಿ. ಮನಸ್ಸು ಬಂದಾಗ ಕೆಳಗಿನ ದನಿ ಸೇರಿಸುತ್ತಿದ್ದರು, ಬಾರದಿದ್ದರೆ ಸುಮ್ನೆ ಇರುತ್ತಿದ್ದರು!

ಎ. ಪಿ. ಅವರ ನಿಜವಾದ ಕೆಲಸ ಹಾಡು ತರುವುದು. ಪಿಯರ್‌ಗೆ ಕಾಪಿರೈಟ್ ಮಾಡಿಸಬಹುದಾದ ಹಾಡುಗಳೇ ಬೇಕಿತ್ತು, ಯಾಕೆಂದರೆ ಅವರ ಸಂಪಾದನೆ ಇದ್ದದ್ದೇ ಹಕ್ಕುಗಳಲ್ಲಿ. ಹಾಗಾಗಿ ಎ. ಪಿ. ಊರೂರು ತಿರುಗಿದರು. ಅನೇಕ ಸಲ ಜೊತೆಗಿದ್ದವರು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರ್ ವಾದಕ. ಯಾರದೋ ಮನೆಯಲ್ಲಿ ಹಾಡು ಕೇಳಿದರೆ ಎ. ಪಿ. ಪದ ಬರೆದುಕೊಳ್ಳುತ್ತಿದ್ದರು, ರಿಡಲ್ ಮಟ್ಟು ನೆನಪಿಟ್ಟುಕೊಳ್ಳುತ್ತಿದ್ದರು. ಮೇಬೆಲ್ ಕೂಡ ರಿಡಲ್ ನುಡಿಸೋದನ್ನು ನೋಡಿ ಕಲಿತರು. ಆಮೇಲೆ ಮನೆಯಲ್ಲಿ ಹಾಡನ್ನು ಬಿಚ್ಚಿ ಮತ್ತೆ ಕಟ್ಟುವುದು. ರೆಕಾರ್ಡಿನ ಮೇಲೆ ಬೀಳುತ್ತಿದ್ದ ಹೆಸರು ‘ಎ. ಪಿ. ಕಾರ್ಟರ್’. ನಮ್ಮ ಸಿನಿಮಾದಲ್ಲಿ ‘ಸಾಹಿತ್ಯ: ಜನಪದ’ ಎಂದು ಹಾಕುವ ಜಾಗ ಅದು, ಅಲ್ವಾ? ರಿಡಲ್ ಹೆಸರು ಅಲ್ಲಿ ಬರಲಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಚುಚ್ಚುವ ಭಾಗ ಅದೇ.

ಹಾಗಂತ ಎ. ಪಿ. ಬರೀ ನಕಲು ಮಾಡಿದರು ಅನ್ನೋದೂ ತಪ್ಪು. ‘ಕ್ಯಾನ್ ದ ಸರ್ಕಲ್ ಬಿ ಅನ್‌ಬ್ರೋಕನ್’ ಹಾಡನ್ನೇ ತಗೊಳ್ಳಿ. 1907ರ ಆಸುಪಾಸಿನ ಚರ್ಚಿನ ಹಾಡೊಂದು, ಅಗಲಿದ ಮನೆಮಂದಿ ಸ್ವರ್ಗದಲ್ಲಿ ಮತ್ತೆ ಕೂಡುತ್ತಾರಾ ಎಂದು ಕೇಳುತ್ತಿತ್ತು. 1935ರಲ್ಲಿ ಕಾರ್ಟರ್ ಫ್ಯಾಮಿಲಿ ಅದನ್ನು ಹಾಡಿದಾಗ ಪಲ್ಲವಿಯ ಗುರುತು ಉಳಿದಿತ್ತು, ಚರಣಗಳು ಪೂರ್ತಿ ಬದಲು. ಈಗ ಕಿಟಕಿಯ ಬಳಿ ನಿಂತ ಮಗ, ತಾಯಿಯ ಹೆಣ ಒಯ್ಯಲು ಬಂದ ಗಾಡಿಯನ್ನು ನೋಡುತ್ತಿದ್ದಾನೆ. ಗಾಡಿಯವನಿಗೆ ನಿಧಾನ ಹೋಗಪ್ಪಾ ಎಂದು ಕೇಳಿಕೊಳ್ಳುತ್ತಾನೆ. ಉಪದೇಶದಂತಿದ್ದ ಹಾಡು ಒಂದು ಮನೆಯ ಸಾವಾಯಿತು. ಇದು ಬರವಣಿಗೆ ಅಲ್ಲದೆ ಮತ್ತೇನು?

‘ವೈಲ್ಡ್‌ವುಡ್ ಫ್ಲವರ್’ ಕಥೆ ಬೇರೆ. ಅದರ ಮೂಲ 1860ರಲ್ಲಿ ಅಚ್ಚಾದ ಹಾಡು. ಬಾಯಿಂದ ಬಾಯಿಗೆ ಹೋಗುತ್ತಾ ಹೂವುಗಳ ಪಟ್ಟಿಯೇ ಕಲಸಿಹೋಯಿತು. 1928ರಲ್ಲಿ ಸಾರಾ ಹಾಡಿದ್ದರಲ್ಲಿ ಒಂದು ಹೂವಿನ ಜಾಗದಲ್ಲಿ ‘ಲೀಡರ್’ ಎಂದು ಕೇಳುತ್ತದೆ. ಅರ್ಥವಿಲ್ಲ, ಆದರೆ ಸಾಲು ಚೆನ್ನಾಗಿ ಹರಿಯುತ್ತದೆ. ಯಾರೂ ತಿದ್ದಲು ಹೋಗಲಿಲ್ಲ.

ಕಾರ್ಟರ್ ಫ್ಯಾಮಿಲಿ ಬೇರೆಯವರಿಂದ ತಗೊಂಡದ್ದಷ್ಟೇ ಅಲ್ಲ, ಬೇರೆಯವರಿಗೆ ಕೊಟ್ಟದ್ದೂ ಉಂಟು. 1940ರಲ್ಲಿ ಜನಪದ ಹಾಡುಗಾರ ವುಡಿ ಗತ್ರಿ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಬರೆದಾಗ ಮಟ್ಟು ಎತ್ತಿಕೊಂಡದ್ದು ಕಾರ್ಟರ್ ಫ್ಯಾಮಿಲಿಯ ಹಾಡಿನಿಂದ. ಕಾರ್ಟರ್ ಫ್ಯಾಮಿಲಿಗೆ ಅದು ಸಿಕ್ಕಿದ್ದು ಚರ್ಚಿನಿಂದ.

ಹಾಗಾದರೆ ಇವತ್ತು ಹೊಸದಾಗಿ ಬರೆದ ಹಾಡಿಗೆ ‘ರೂಟ್ಸ್ ಮ್ಯೂಸಿಕ್’ ಅನ್ನೋ ಹೆಸರು ಸಲ್ಲುತ್ತದಾ? ಸಲ್ಲುತ್ತದೆ. ಹಳೆಯ ಕಟ್ಟು, ಹಳೆಯ ವಾದ್ಯ, ದನಿಗೆ ದನಿ ಜೋಡಿಸುವ ಹಳೆಯ ಕ್ರಮ ಗೊತ್ತಿದ್ದವರು ಕಟ್ಟಿದ ಹಾಡು ಅನ್ನೋದೇ ಈಗಿನ ಅರ್ಥ. ಸಾರಾ ವಾಟ್ಕಿನ್ಸ್, ಸಾರಾ ಜರೋಸ್, ಈಫಾ ಒಡೊನೊವನ್ ಎಂಬ ಮೂವರ ‘ಐಯಾಮ್ ವಿತ್ ಹರ್’ ತಂಡ ಇದಕ್ಕೆ ಒಳ್ಳೆಯ ಉದಾಹರಣೆ. ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಮೂರು ದನಿ. 2020ರಲ್ಲಿ ಇವರ ‘ಕಾಲ್ ಮೈ ನೇಮ್’ ಹಾಡಿಗೆ ಗ್ರ್ಯಾಮಿಯ ‘ಬೆಸ್ಟ್ ಅಮೆರಿಕನ್ ರೂಟ್ಸ್ ಸಾಂಗ್’ ಬಂತು. ಅದು ಹಾಡು ಬರೆದವರಿಗೆ ಕೊಡುವ ಪ್ರಶಸ್ತಿ, ಮೂವರ ಹೆಸರಿಗೂ ಬಂತು.