ಉಪವಾಸ ಇದೆಯಾ? ಮಾತ್ರೆ ಚೀಟಿ ತನ್ನಿ

ಶ್ರಾವಣ ಮಾಸದಲ್ಲಿ ನಮ್ಮ ಉಡುಪಿ ಕಡೆಯ ಕ್ಲಿನಿಕ್‌ಗಳಲ್ಲಿ ಶುಕ್ರವಾರ ಹೆಂಗಸರು ಕಮ್ಮಿ. ಶನಿವಾರ ಜಾಸ್ತಿ. ತಲೆನೋವು, ವಾಂತಿ, ಹೊಟ್ಟೆ ಉರಿ, ತಲೆ ತಿರುಗು, ಶುಗರ್ ಏರುಪೇರು. "ನಿನ್ನೆ ವ್ರತ ಇತ್ತಾ?" ಎಂದು ನಾನಾಗಿ ಕೇಳಿದರೆ ಮಾತ್ರ ಹೌದು ಅನ್ನುತ್ತಾರೆ. ಮುಂಚೆಯೇ ಯಾಕೆ ಹೇಳಲಿಲ್ಲ ಎಂದರೆ ಉತ್ತರ ಒಂದೇ: "ಹೇಳಿದ್ರೆ ನೀವು ಬೇಡ ಅಂತೀರಲ್ವಾ ಡಾಕ್ಟ್ರೇ."

ನಿಜ ಹೇಳಬೇಕೆಂದರೆ, ಹೆಚ್ಚಿನವರಿಗೆ ನಾನು ಬೇಡ ಅನ್ನುವುದಿಲ್ಲ. ಶುಗರ್, ಬಿಪಿ ಇದ್ದರೂ ಬಹಳಷ್ಟು ಜನ ಒಂದು ದಿನದ ವ್ರತ ಮಾಡಬಹುದು. ಆದರೆ ಎಷ್ಟು ಹೊತ್ತಿನ ಉಪವಾಸ, ನೀರು ಕುಡಿಯುತ್ತೀರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಇಷ್ಟು ಮೊದಲೇ ಗೊತ್ತಾಗಬೇಕು. ವ್ರತಕ್ಕೆ ಒಂದು ವಾರ ಮುಂಚೆ ಬಂದರೆ ಐದು ನಿಮಿಷದ ಕೆಲಸ. ಮರುದಿನ ಬಂದರೆ ಕೆಲವೊಮ್ಮೆ ಡ್ರಿಪ್ ಹಾಕಬೇಕಾಗುತ್ತದೆ.

ಈ ವಿಷಯದಲ್ಲಿ ನಮ್ಮ ಬ್ಯಾರಿ ಅಮ್ಮಂದಿರನ್ನು ಮೆಚ್ಚಬೇಕು. ರಂಜಾನ್ ಬರುವ ಮುಂಚೆಯೇ ಮಾತ್ರೆಯ ಕವರ್ ಹಿಡಿದುಕೊಂಡು ಬರುತ್ತಾರೆ. "ಬೆಳಗಿನದ್ದು ಯಾವಾಗ, ರಾತ್ರಿಯದ್ದು ಯಾವಾಗ ಬರೆದುಕೊಡಿ" ಅನ್ನುತ್ತಾರೆ. ರಂಜಾನ್ ಉಪವಾಸ ಮತ್ತು ಸಕ್ಕರೆ ಕಾಯಿಲೆ ಬಗ್ಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿಯೇ ಇದೆ. 2021ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ನಮ್ಮ ವ್ರತಗಳಿಗೂ ನಾನು ಅದರಿಂದಲೇ ಬಹಳಷ್ಟು ಎರವಲು ಪಡೆಯುತ್ತೇನೆ. ದೇಹಕ್ಕೆ ಯಾವ ಧರ್ಮದ ಉಪವಾಸ ಅಂತ ಗೊತ್ತಾಗುವುದಿಲ್ಲವಲ್ಲ.

ಉಪವಾಸ ಅಂದರೂ ಎಲ್ಲ ಒಂದೇ ಥರ ಅಲ್ಲ. ಸೋಮವಾರ ಅಥವಾ ಶನಿವಾರದ ಒಪ್ಪತ್ತು ಇದೆ. ಮಧ್ಯಾಹ್ನ ಊಟ, ರಾತ್ರಿ ಪಲಾರ. ವರಮಹಾಲಕ್ಷ್ಮಿಗೆ, ಕೊಂಕಣಿ ಹೆಂಗಸರು ಶ್ರಾವಣದಲ್ಲಿ ಮಾಡುವ ಚೂಡಿ ಪೂಜೆಗೆ ಬಹಳ ಮನೆಗಳಲ್ಲಿ ಪೂಜೆ ಮುಗಿಯುವ ತನಕ ಮಾತ್ರ ಏನೂ ತಿನ್ನುವುದಿಲ್ಲ. ದೇವಸ್ಥಾನದ ಸಾಮೂಹಿಕ ಪೂಜೆ ಸಂಜೆಗಿದ್ದರೆ ಅದೇ ಉಪವಾಸ ಸಂಜೆಯವರೆಗೂ ಎಳೆಯುತ್ತದೆ. ಸಂಕಷ್ಟಿಗೆ ಚಂದ್ರ ಕಾಣಬೇಕು. ಮಳೆಗಾಲದಲ್ಲಿ ಅವನು ಎಲ್ಲಿ ಕಾಣುತ್ತಾನೆ ಮಾರಾಯ್ರೆ? ಪಂಚಾಂಗ ನೋಡಿ ಊಟ ಮಾಡಿ.

ಈಗ ಮಣಿಪಾಲ, ಸುರತ್ಕಲ್ ಕಡೆ ಕರ್ವಾ ಚೌತ್ ಕೂಡ ಇದೆ. ಉತ್ತರ ಭಾರತದಿಂದ ಬಂದ ಕುಟುಂಬಗಳು ಮಾಡುತ್ತವೆ. ಗಂಡನ ಆಯುಷ್ಯಕ್ಕಾಗಿ ಹೆಂಡತಿ ಮಾಡುವ ವ್ರತ. ಸೂರ್ಯೋದಯಕ್ಕೆ ಮುಂಚೆ ಅತ್ತೆ ಕೊಟ್ಟ ಸರ್ಗಿ ತಿಂದರೆ, ಆಮೇಲೆ ಜರಡಿಯಲ್ಲಿ ಚಂದ್ರನನ್ನು ನೋಡುವ ತನಕ ಹನಿ ನೀರೂ ಇಲ್ಲ. ಅವರ ಪಂಚಾಂಗದಲ್ಲಿ ಅದು ಕಾರ್ತಿಕ ಕೃಷ್ಣ ಚೌತಿ. ನಮ್ಮ ಲೆಕ್ಕದಲ್ಲಿ ಅದೇ ದಿನ ಆಶ್ವಯುಜದ ಸಂಕಷ್ಟಿ. ಇದರಲ್ಲೊಂದು ಸಣ್ಣ ವಿಷಯವನ್ನು ಯಾರೂ ಗಮನಿಸುವುದಿಲ್ಲ. ಆ ದಿನ ಇಲ್ಲಿ ಚಂದ್ರ ಹುಟ್ಟುವುದು ದೆಹಲಿಗಿಂತ ಮುಕ್ಕಾಲು ಗಂಟೆಯಷ್ಟು ತಡ, ಹೆಚ್ಚುಕಮ್ಮಿ ರಾತ್ರಿ ಒಂಬತ್ತಕ್ಕೆ. ಜೊತೆಗೆ ನಮ್ಮ ಕರಾವಳಿಯ ಅಕ್ಟೋಬರ್ ಸೆಕೆ. ಅಮ್ಮನ ಮನೆಯಲ್ಲಿ ಸುಲಭವಾಗಿ ಮಾಡಿದ ವ್ರತ ಇಲ್ಲಿ ಯಾಕೆ ಸುಸ್ತು ಮಾಡುತ್ತದೆ ಎಂದು ಕೇಳುವವರಿಗೆ ಇದನ್ನೇ ಹೇಳುತ್ತೇನೆ.

ಎಲ್ಲಕ್ಕಿಂತ ಕಠಿಣ ಏಕಾದಶಿ. ಅದು ಹೆಂಗಸರ ವ್ರತ ಮಾತ್ರ ಅಲ್ಲ. ಆದರೆ ಮಾಧ್ವ ಮನೆಗಳಲ್ಲಿ ಬಿಪಿ, ಶುಗರ್ ಇದ್ದೂ ಬಿಡದೆ ಮಾಡುವವರಲ್ಲಿ ಹೆಂಗಸರೇ ಜಾಸ್ತಿ. ದಶಮಿ ಮಧ್ಯಾಹ್ನ ಒಂದು ಊಟ. ಏಕಾದಶಿ ನಿರ್ಜಲ. ದ್ವಾದಶಿ ಬೆಳಿಗ್ಗೆ ಪಾರಣೆ. ಊಟದಿಂದ ಊಟಕ್ಕೆ 40 ಗಂಟೆ ದಾಟುತ್ತದೆ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ಸುಮಾರು ಒಂದು ದಿನದೊಳಗೆ ಮುಗಿಯುತ್ತದೆ. ಆಮೇಲೆ ದೇಹ ಕೊಬ್ಬು ಕರಗಿಸಿ ನಡೆಸುತ್ತದೆ. ಆರೋಗ್ಯವಂತರಿಗೆ ಅದು ಕಷ್ಟವಲ್ಲ. ಮಾತ್ರೆ ತಿನ್ನುವವರ ಕಥೆ ಬೇರೆ.

ಸಕ್ಕರೆ ಕಾಯಿಲೆಯ ಮಾತ್ರೆಗಳೆಲ್ಲ ಒಂದೇ ಅಂದುಕೊಂಡವರು ಬಹಳ. ನಿಮ್ಮ ಚೀಟಿಯಲ್ಲಿ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವುಗಳಲ್ಲಿ ಯಾವುದಾದರೂ ಇದೆಯಾ ನೋಡಿ. ನೀವು ಉಂಡಿದ್ದೀರೋ ಇಲ್ಲವೋ ಎಂದು ಇವು ನೋಡುವುದಿಲ್ಲ. ಶುಗರ್ ಇಳಿಸುವ ಇನ್ಸುಲಿನ್ ಅನ್ನು ದೇಹದಿಂದ ಹೊರಡಿಸಿಯೇ ಬಿಡುತ್ತವೆ. ಬೆಳಿಗ್ಗೆ ಈ ಮಾತ್ರೆ ನುಂಗಿ ಸಂಜೆವರೆಗೆ ಖಾಲಿ ಹೊಟ್ಟೆಯಲ್ಲಿದ್ದರೆ ಶುಗರ್ ಬೀಳುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಆ ಭಯ ಕಮ್ಮಿ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಥರದವೂ ಹಾಗೆಯೇ. ತೊಂದರೆ ಏನೆಂದರೆ ಈಗ ಎರಡು ಮೂರು ಔಷಧ ಸೇರಿಸಿದ ಒಂದೇ ಮಾತ್ರೆ ಬರುತ್ತದೆ. ನಿಮ್ಮ ಬಾಯಲ್ಲಿ ಅದು "ಬಿಳಿ ಮಾತ್ರೆ" ಅಷ್ಟೇ. ಅದಕ್ಕೇ ಚೀಟಿ ತನ್ನಿ ಎನ್ನುವುದು.

ಇನ್ನೊಂದು ಜಾತಿ ಇದೆ, ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆಗಳು. ಒಳ್ಳೆಯ ಔಷಧ. ಆದರೆ ನೀರನ್ನೂ ಜೊತೆಗೆ ಕೊಂಡೊಯ್ಯುತ್ತವೆ. ನಿರ್ಜಲ ಉಪವಾಸದಲ್ಲಿ ಇವನ್ನು ಮುಂದುವರಿಸಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯ ಇದೆ. ಮೋಸ ಏನೆಂದರೆ, ಆಗ ಗ್ಲುಕೋಮೀಟರ್ 180 ತೋರಿಸುತ್ತಿರಬಹುದು. ನೋಡಿದವರು "ಶುಗರ್ ಸರಿ ಇದೆ, ಗ್ಯಾಸ್ ಆಗಿದೆ" ಅಂದುಕೊಳ್ಳುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಒಟ್ಟಿಗೆ ಬಂದರೆ ಮೀಟರ್ ಏನೇ ಹೇಳಲಿ, ಆಸ್ಪತ್ರೆಗೆ ಹೋಗಿ. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬುದನ್ನು ನಿಮ್ಮ ಡಾಕ್ಟರ್ ಹೇಳಬೇಕು, ನೀವೇ ನಿರ್ಧಾರ ಮಾಡಬೇಡಿ. ಟೈಪ್ 1 ಸಕ್ಕರೆ ಕಾಯಿಲೆ ಇದ್ದವರು ಇನ್ಸುಲಿನ್ ಪೂರ್ತಿ ಬಿಡಲೇಬಾರದು. ಅವರಿಗೆ ನಾನು ನಿರ್ಜಲ ಉಪವಾಸ ಬೇಡವೆಂದೇ ಹೇಳುತ್ತೇನೆ.

ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಲ್ಲಿ ನುಂಗಬಹುದು. ನೀರಿನಂಶ ಇಳಿಸುವ ಮಾತ್ರೆ ಅದರಲ್ಲಿ ಸೇರಿದ್ದರೆ ಮಾತ್ರ ಆ ದಿನಕ್ಕೆ ಬದಲಾಯಿಸಬೇಕಾಗಬಹುದು. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಥೈರಾಯ್ಡ್ ಮಾತ್ರೆ ಒಂದು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಅದು ದೇಹದಲ್ಲಿ ಹಲವು ದಿನ ಉಳಿಯುತ್ತದೆ. ಸುಮ್ನೆ ಅದಕ್ಕೆ ತಲೆ ಕೆಡಿಸಿಕೊಳ್ಳುವವರಿದ್ದಾರೆ.

ವ್ರತದ ದಿನ ಮಾತ್ರೆ ನುಂಗಿದರೆ ವ್ರತ ಕೆಡುತ್ತದಾ? ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ನಾನು ಪುರೋಹಿತನಲ್ಲ. ಆದರೆ ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಧೃತರಾಷ್ಟ್ರನಿಗೆ ಹೇಳುವ ಒಂದು ಶ್ಲೋಕ ನನಗೆ ಬಹಳ ಉಪಕಾರಕ್ಕೆ ಬಂದಿದೆ. ಎಂಟು ವಸ್ತುಗಳಿಂದ ವ್ರತ ಕೆಡುವುದಿಲ್ಲ ಅನ್ನುತ್ತದೆ ಅದು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಔಷಧ ಆ ಪಟ್ಟಿಯಲ್ಲೇ ಇದೆ. ಇದನ್ನು ಹೇಳಿದರೆ ಎಷ್ಟೋ ಅಮ್ಮಂದಿರ ಮುಖ ಸಡಿಲವಾಗುತ್ತದೆ. ಏಕಾದಶಿಯ ಕಟ್ಟುಪಾಡು ಬೇರೆ ಎನ್ನುವವರು ತಮ್ಮ ಗುರುಗಳನ್ನೇ ಕೇಳಲಿ. ಅಲ್ಲೂ ವಯಸ್ಸಾದವರಿಗೆ, ಕಾಯಿಲೆಯವರಿಗೆ ಹಣ್ಣು, ಹಾಲಿನ ವಿನಾಯಿತಿ ಕೊಡುವ ರೂಢಿ ಹಳೆಯದು.

ಈಗ ಅಡುಗೆಮನೆಗೆ ಬರೋಣ. ವ್ರತದ ದಿನ ವ್ರತ ಮಾಡುವವಳೇ ಉಳಿದ ಎಲ್ಲರಿಗೂ ಅಡುಗೆ ಮಾಡುತ್ತಾಳೆ. ಬೆಳಗಿನ ಜಾವ ಎದ್ದು ನೆಲ ಒರೆಸಿ, ಹೂ ಕೊಯ್ದು, ಹೋಳಿಗೆ ತಟ್ಟಿ, ನೆಂಟರಿಗೆ ಬಡಿಸಿ, ಕೊನೆಗೆ ಪೂಜೆಗೆ ಕೂರುತ್ತಾಳೆ. ಉಪವಾಸಕ್ಕಿಂತ ಇದೇ ಹೆಚ್ಚು ಕಾಡುತ್ತದೆ ಅಂತ ನನಗೆ ಅನಿಸಿದೆ. ಶುಗರ್ ಇಳಿದಾಗ ತಣ್ಣನೆಯ ಬೆವರು ಬರುತ್ತದೆ, ಕೈ ನಡುಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಒಣ ಹವೆಯ ಊರಲ್ಲಿ ಆ ಬೆವರು ಥಟ್ಟನೆ ಗೊತ್ತಾಗುತ್ತದೆ. ನಮ್ಮೂರಲ್ಲಿ ಒಲೆ ಮುಂದೆ ನಿಂತವರು ಹೇಗೂ ಬೆವರುತ್ತಲೇ ಇರುತ್ತಾರೆ. ಲಕ್ಷಣ ಸೆಕೆಯಲ್ಲಿ ಅಡಗಿಹೋಗುತ್ತದೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ಎದೆಬಡಿತ, ನಡುಕವೂ ಗೊತ್ತಾಗದೆ ಇರಬಹುದು. ಹಾಗಾಗಿ ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ ಬೆರಳು ಚುಚ್ಚಿ ನೋಡಿ. ಅದರಿಂದ ಹೊಟ್ಟೆಗೇನೂ ಹೋಗುವುದಿಲ್ಲ. 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಉಪವಾಸ ಅಲ್ಲಿಗೆ ನಿಲ್ಲಿಸಿ.

ಉಪವಾಸ ಮುಗಿಸುವ ಹೊತ್ತಿನದ್ದು ಬೇರೆ ರಗಳೆ. ಬೆಲ್ಲ, ಕಾಯಿ ಹಾಕಿದ ಅವಲಕ್ಕಿ, ಜೊತೆಗೆ ಎರಡು ಬಾಳೆಹಣ್ಣು, ಮೇಲಿನಿಂದ ಪಾಯಸ. ಇದಕ್ಕೆ ಪಲಾರ ಅಂತ ಹೆಸರು! ಸಾಬಕ್ಕಿಯಂತೂ ಹೆಚ್ಚುಕಮ್ಮಿ ಬರೀ ಪಿಷ್ಟ. ಮರುದಿನ ಶುಗರ್ ಏರಿ ಬರುವವರಲ್ಲಿ ಹೆಚ್ಚಿನವರಿಗೆ ತೊಂದರೆ ಕೊಟ್ಟಿದ್ದು ಪಲಾರವೇ ಹೊರತು ಉಪವಾಸವಲ್ಲ. ಮೊದಲು ನೀರು ಅಥವಾ ಮಜ್ಜಿಗೆ ಕುಡಿಯಿರಿ. ಹೆಸರುಬೇಳೆ ಕೋಸಂಬರಿ ಇದ್ದರೆ ಒಳ್ಳೆಯದು. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದು ತಿನ್ನಿ. ಬೊಂಡ, ಅಂದರೆ ಎಳನೀರು, ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇದ್ದವರಿಗೆ ಅಲ್ಲ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ.

ತಲೆನೋವಿನ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅರ್ಧದಷ್ಟು ಸಲ ಅದು ಕಾಫಿ ತಪ್ಪಿದ್ದರ ತಲೆನೋವು. ನಾಲ್ಕು ದಿನ ಮುಂಚಿನಿಂದ ಕಾಫಿ ಇಳಿಸುತ್ತಾ ಬನ್ನಿ. ಖಾಲಿ ಹೊಟ್ಟೆಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗಬೇಡಿ. ನೀರೂ ಇಲ್ಲದ ದಿನ ಅವು ಹೊಟ್ಟೆಯ ಜೊತೆ ಕಿಡ್ನಿಯನ್ನೂ ಕಾಡುತ್ತವೆ.

ವ್ರತದ ನೆಪದಲ್ಲಿ ಇನ್ನೊಂದು ಮಾತ್ರೆ ಮನೆಯೊಳಗೆ ಬರುತ್ತದೆ. ಅದರ ಬಗ್ಗೆ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಮುಟ್ಟು ಮುಂದೆ ಹಾಕುವ ಮಾತ್ರೆ. ಹೆಸರು ನಾರೆಥಿಸ್ಟೆರೋನ್. ಸಾಮಾನ್ಯವಾಗಿ 5 ಮಿಲಿಗ್ರಾಂನದ್ದು ದಿನಕ್ಕೆ ಮೂರು, ಮುಟ್ಟಿನ ದಿನಕ್ಕಿಂತ ಮೂರು ದಿನ ಮುಂಚೆ ಶುರು. ನಿಲ್ಲಿಸಿದ ಎರಡು ಮೂರು ದಿನದಲ್ಲಿ ಮುಟ್ಟು ಬರುತ್ತದೆ. ಬಹಳ ಜನ ಮೆಡಿಕಲ್ ಶಾಪಿನಿಂದ ನೇರವಾಗಿ ತರುತ್ತಾರೆ. ಕೆಲವರು ಗಂಡನನ್ನು ಕಳಿಸುತ್ತಾರೆ. ಈ ಪ್ರಮಾಣದಲ್ಲಿ ತೆಗೆದುಕೊಂಡಾಗ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಜಾತಿಯ ಹಾರ್ಮೋನಾಗಿ ಬದಲಾಗುತ್ತದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ್ದವರಿಗೆ, ಸ್ತನ ಕ್ಯಾನ್ಸರ್ ಆದವರಿಗೆ, ಲಿವರ್ ಕಾಯಿಲೆ ಇದ್ದವರಿಗೆ ಇದು ಸಲ್ಲದು. ಕಣ್ಣ ಮುಂದೆ ಮಿಂಚು ಬಂದು ಶುರುವಾಗುವ ಮೈಗ್ರೇನ್ ಇದ್ದವರು, ತೂಕ ತುಂಬಾ ಜಾಸ್ತಿ ಇರುವವರು ಕೇಳದೆ ಮುಟ್ಟಬಾರದು. ಮಾತ್ರೆ ಮೇಲೆ ನಿರ್ಜಲ ಉಪವಾಸವೂ ಸೇರುವುದು ನನಗಂತೂ ಇಷ್ಟವಿಲ್ಲ. ಒಂದು ಕಾಲು ಮಾತ್ರ ಊದಿ ನೋವಾದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡ ಮಾಡಬೇಡಿ. ಇಷ್ಟಕ್ಕೂ ವರಮಹಾಲಕ್ಷ್ಮಿ ಪೂಜೆ ಆ ಶುಕ್ರವಾರ ಆಗದಿದ್ದರೆ ಇನ್ನೊಂದು ಶುಕ್ರವಾರ ಮಾಡುವ ರೂಢಿ ಇದೆ. ಅತ್ತೆಯವರು ಒಂದು ಮಾತು ಹೇಳಿದರೆ ಮುಗಿಯಿತು, ಮಾತ್ರೆ ಬೇಡ.

ಮಂಗಳ ಗೌರಿ ವ್ರತ ಮದುವೆಯಾದ ಮೇಲೆ ಐದು ವರ್ಷ ಮಾಡುವಂಥದ್ದು. ಲೆಕ್ಕ ಹಾಕಿ ನೋಡಿ. ಬಸುರಿ, ಬಾಣಂತನ, ಹಾಲೂಡಿಸುವ ಕಾಲ ಬರುವುದು ಹೆಚ್ಚಾಗಿ ಆ ಐದು ವರ್ಷದಲ್ಲೇ. ಬಸುರಿಯ ದೇಹ ಬೇರೆಯವರಿಗಿಂತ ಬೇಗ ಕೊಬ್ಬು ಕರಗಿಸಲು ಶುರು ಮಾಡುತ್ತದೆ. ಪೂಜೆ ಮಾಡಲಿ, ಹಾಡು ಹೇಳಲಿ, ಆದರೆ ಹಾಲು ಕುಡಿದು, ಹಣ್ಣು ತಿಂದೇ ಪೂಜೆಗೆ ಕೂರಲಿ.

ಉಡುಪಿಯಲ್ಲೇ ಜಾಸ್ತಿ ಕಾಣುವ ಇನ್ನೊಂದು ವಿಷಯ ಚಾತುರ್ಮಾಸ್ಯದ್ದು. ಮೊದಲ ತಿಂಗಳು ಶಾಕ ವ್ರತ, ತರಕಾರಿ ಇಲ್ಲ. ಆಮೇಲೆ ಕ್ರಮವಾಗಿ ಮೊಸರು, ಹಾಲು, ಬೇಳೆಕಾಳು ಬಿಡುತ್ತಾರೆ. ಹೃದಯದ ವಾಲ್ವ್ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸೆನೋಕೌಮರಾಲ್ ತೆಗೆದುಕೊಳ್ಳುವವರು ಇಲ್ಲಿ ಎಚ್ಚರ ಇರಬೇಕು. ಸೊಪ್ಪು ತರಕಾರಿಯಲ್ಲಿರುವ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತದೆ. ದಿನಾ ಬಸಳೆ, ಹರಿವೆ ತಿನ್ನುತ್ತಿದ್ದವರು ಒಮ್ಮೆಲೇ ಬಿಟ್ಟರೆ ಅದೇ ಮಾತ್ರೆ ಜೋರಾಗುತ್ತದೆ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ ಬರಬಹುದು. ವ್ರತ ಶುರುವಾದ ವಾರದಲ್ಲೇ ಒಮ್ಮೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಐಎನ್ಆರ್ ಪರೀಕ್ಷೆ ಮಾಡಿಸಿ. ತಿಂಗಳು ಮುಗಿದು ತರಕಾರಿ ಶುರು ಮಾಡಿದ ಮೇಲೆ ಇನ್ನೊಮ್ಮೆ ಮಾಡಿಸಿ.

ಕೊನೆಯದ್ದು ಗಂಡಂದಿರಿಗೆ. ವ್ರತ ನಿಮ್ಮ ಹೆಸರಲ್ಲೇ ನಡೆಯುತ್ತಿರುವುದರಿಂದ ಇಷ್ಟಾದರೂ ತಿಳಿದಿರಿ. ಹೆಂಡತಿ ಬೆವರಿ, ತಡವರಿಸಿ, ಸಂಬಂಧವಿಲ್ಲದ ಮಾತಾಡಿದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ. 15 ನಿಮಿಷ ಬಿಟ್ಟು ಶುಗರ್ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಸಕ್ಕರೆ ಕೊಟ್ಟ ಮೇಲೆ ಎದ್ದು ಕೂತು "ಏನಿಲ್ಲ, ಸರಿ ಆಯ್ತು" ಅಂದರೂ, ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತಿಂದವರಾಗಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಆ ಮಾತ್ರೆಯ ಕೆಲಸ ಅಲ್ಲಿಗೆ ಮುಗಿದಿರುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಶುಗರ್ ಮತ್ತೆ ಇಳಿಯಬಹುದು.